ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ

ಪ್ರಶ್ನೆ: ಮಾನ್ಯರೇ, ಅಮೆರಿಕದ ಅಧ್ಯಕ್ಷ ಟ್ರಂಪ್ ಅವರೇ ಮುಂದೆ ನಿಂತು ಉತ್ತರ ಕೊರಿಯದ ನಾಯಕ ಕಿಮ್ ಜಾಂಗ್-ಉನ್ ಅವರ ಕೈ ಕುಲುಕಿದರೂ ಆ ಎರಡು ದೇಶಗಳ ನಡುವೆ ಒಪ್ಪಂದವೆಂಬುದು ಕೈಗೂಡಲಿಲ್ಲ. ಸರ್ಕಾರದೊಳಗೆ ಬೇರುಬಿಟ್ಟು ಕುಳಿತ ಅಧಿಕಾರಿಗಳು, ಸೇನೆಯವರು, ಬೇಹುಗಾರಿಕೆಯವರು ಸೇರಿಕೊಂಡು ಇಂಥ ಮಾತುಕತೆಗಳನ್ನು ಬೇಕೆಂದೇ ಕೆಡಿಸುತ್ತಾರೆ ಎಂದು ನನ್ನ ಮಗ ವಾದಿಸುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ವಾಷಿಂಗ್ಟನ್ನಿಗೂ ಅನ್ವಯಿಸುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅನ್ವಯಿಸುತ್ತದೆ. ಆದರೆ ನಿಮ್ಮ ಮಗ ಬೆರಳು ತೋರಿಸುತ್ತಿರುವ ಪೂಜಾರಿ ಬೇರೆ, ಬಾಗಿಲು ಹಾಕಿದ ಪೂಜಾರಿ ಬೇರೆ ಎಂದು ನನ್ನ ಅನಿಸಿಕೆ. ಉತ್ತರ ಕೊರಿಯದ ವಿಷಯದಲ್ಲಿ ಕಳೆದ ಮೂವತ್ತು ವರ್ಷಗಳ ದಾಖಲೆಯನ್ನು ತೆರೆದು ನೋಡಿದರೆ, ಸಂಧಾನ ಮುರಿದ ಕೈಗಳು ಬಹುಪಾಲು ಕತ್ತಲಲ್ಲಿ ಇರಲಿಲ್ಲ. ಹಗಲು ಹೊತ್ತಿನಲ್ಲಿ, ಅಧ್ಯಕ್ಷರೇ ಸಹಿ ಮಾಡಿಕೊಟ್ಟ ನೇಮಕಾತಿ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಅವು ಕೆಲಸ ಮಾಡಿದವು.

ಮೊದಲ ಒಪ್ಪಂದದಿಂದಲೇ ಆರಂಭಿಸೋಣ. 1994ರ ಅಕ್ಟೋಬರ್ 21ರಂದು ಜಿನೀವಾದಲ್ಲಿ ಸಹಿಯಾದ ಕರಾರಿನ ಪ್ರಕಾರ ಉತ್ತರ ಕೊರಿಯವು ಯೋಂಗ್ಬ್ಯೋನ್‌ನ 5 ಮೆಗಾವಾಟ್ ರಿಯಾಕ್ಟರನ್ನು ನಿಲ್ಲಿಸಿ ಅಂತರರಾಷ್ಟ್ರೀಯ ಪರಿವೀಕ್ಷಕರ ಕಣ್ಗಾವಲಿಗೆ ಒಪ್ಪಿಸಬೇಕಿತ್ತು. ಅದಕ್ಕೆ ಪ್ರತಿಯಾಗಿ ತಲಾ ಸುಮಾರು 1,000 ಮೆಗಾವಾಟ್ ಸಾಮರ್ಥ್ಯದ, ಬಾಂಬಿಗೆ ಅಷ್ಟು ಸುಲಭವಾಗಿ ಒದಗದ ಎರಡು ಲಘುಜಲ ರಿಯಾಕ್ಟರುಗಳನ್ನು 2003ರ ಹೊತ್ತಿಗೆ ಕಟ್ಟಿಕೊಡುವುದಾಗಿಯೂ, ಅಲ್ಲಿಯವರೆಗೆ ವರ್ಷಕ್ಕೆ 5 ಲಕ್ಷ ಟನ್ ಉರುವಲು ತೈಲ ಒದಗಿಸುವುದಾಗಿಯೂ ಅಮೆರಿಕ ಮಾತು ಕೊಟ್ಟಿತು. ಸಹಿಯ ಶಾಯಿ ಆರುವ ಮುನ್ನವೇ, ನವೆಂಬರ್ ಚುನಾವಣೆಯಲ್ಲಿ ಅಮೆರಿಕದ ಸಂಸತ್ತಿನ ಎರಡೂ ಸದನಗಳು ರಿಪಬ್ಲಿಕನ್ ಪಕ್ಷದ ಪಾಲಾದವು. ತೈಲಕ್ಕೆ ಹಣ ಬಿಡುಗಡೆ ಮಾಡಬೇಕಾದವರು ಅದೇ ಸದನದವರು. ಅವರು ಒಪ್ಪಂದವನ್ನು ರದ್ದು ಮಾಡಲಿಲ್ಲ, ಹಣವನ್ನು ಕೊಸರಿ ಕೊಸರಿ ಕೊಟ್ಟರು. ತೈಲದ ಹಡಗುಗಳು ತಡವಾಗಿ ಹೋದವು. 2003ಕ್ಕೆ ದೀಪ ಹೊತ್ತಿಸಬೇಕಿದ್ದ ರಿಯಾಕ್ಟರಿನ ಪಾಯಕ್ಕೆ ಮೊದಲ ಕಾಂಕ್ರೀಟು ಬಿದ್ದದ್ದು 2002ರ ಆಗಸ್ಟ್‌ನಲ್ಲಿ. ಹೇಗಿದ್ದರೂ ಆ ದೇಶ ಇಂದೋ ನಾಳೆಯೋ ಕುಸಿದುಬೀಳುತ್ತದೆ, ಕಟ್ಟಿಕೊಡುವ ಪ್ರಮೇಯವೇ ಬರಲಾರದು ಎಂಬ ಲೆಕ್ಕಾಚಾರ ಆಗ ವಾಷಿಂಗ್ಟನ್ನಿನಲ್ಲಿ ಹಲವರಿಗಿತ್ತು. ಇದನ್ನು ಪಿತೂರಿ ಎನ್ನಲಾಗದು. ಅನುದಾನ ತಡೆಹಿಡಿಯುವುದು ಅಲ್ಲಿನ ಸಂವಿಧಾನವೇ ಸಂಸತ್ತಿಗೆ ಕೊಟ್ಟ ಹಕ್ಕು.

ನಂತರದ ಘಟ್ಟ ಇನ್ನೂ ಸ್ಪಷ್ಟವಾಗಿದೆ. 2001ರ ಮಾರ್ಚ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅವರು, ಕ್ಲಿಂಟನ್ ಆಡಳಿತ ಬಿಟ್ಟ ಜಾಗದಿಂದಲೇ ಮಾತುಕತೆಯನ್ನು ಮುಂದುವರಿಸುವುದಾಗಿ ಹೇಳಿದರು. ಮರುದಿನವೇ ಅಧ್ಯಕ್ಷ ಬುಷ್ ಅವರು ದಕ್ಷಿಣ ಕೊರಿಯದ ಅಧ್ಯಕ್ಷ ಕಿಮ್ ಡೇ-ಜುಂಗ್ ಅವರ ಸಮ್ಮುಖದಲ್ಲೇ ಉತ್ತರದವರನ್ನು ನಂಬುವ ಬಗೆಗೆ ಸಂಶಯ ವ್ಯಕ್ತಪಡಿಸಿದ್ದರಿಂದ ಪೊವೆಲ್ ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು. ಅತಿಥಿಯ ಮುಂದೆ ಮನೆಯ ಯಜಮಾನ ಹಿರಿಯ ಮಗನ ಮಾತನ್ನು ತೆಗೆದುಹಾಕಿದ ಹಾಗೆ. ಆಡಳಿತದ ಒಳಗಿನ ಕಟ್ಟಾ ವಿರೋಧಿಗಳಿಗೆ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತಿಳಿಯಲು ಅಷ್ಟು ಸಾಕಿತ್ತು. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಜೇಮ್ಸ್ ಕೆಲ್ಲಿ ನೇತೃತ್ವದ ನಿಯೋಗ ಉತ್ತರದ ರಾಜಧಾನಿ ಪ್ಯೋಂಗ್ಯಾಂಗಿಗೆ ಹೋಗಿ, ನೀವು ಗುಟ್ಟಾಗಿ ಯುರೇನಿಯಂ ಸಂವರ್ಧನೆ, ಎಂದರೆ ಯುರೇನಿಯಮ್ಮನ್ನು ಬಾಂಬಿಗೆ ಹದಗೊಳಿಸುವ ಕೆಲಸ, ನಡೆಸುತ್ತಿದ್ದೀರಿ ಎಂದು ಆಪಾದಿಸಿತು. ಆಗ ಶಸ್ತ್ರನಿಯಂತ್ರಣದ ಹೊಣೆ ಹೊತ್ತಿದ್ದ ಜಾನ್ ಬೋಲ್ಟನ್, 1994ರ ಒಪ್ಪಂದವನ್ನು ಒಡೆಯಲು ತಾವು ಹುಡುಕುತ್ತಿದ್ದ ಸುತ್ತಿಗೆ ಅದೇ ಆಗಿತ್ತೆಂದು ಮುಂದೆ ತಮ್ಮ ನೆನಪುಗಳಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಬರೆದುಕೊಂಡಿದ್ದಾರೆ. ನವೆಂಬರ್‌ನಲ್ಲಿ ತೈಲ ನಿಂತಿತು, ಡಿಸೆಂಬರ್‌ನಲ್ಲಿ ಪರಿವೀಕ್ಷಕರನ್ನು ಹೊರಗೆ ಕಳಿಸಲಾಯಿತು, 2003ರ ಜನವರಿಯಲ್ಲಿ ಉತ್ತರ ಕೊರಿಯ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರನಡೆಯುವುದಾಗಿ ಸಾರಿತು.

ಇಲ್ಲಿ ಒಂದು ಅಂಶವನ್ನು ನಿಮ್ಮ ಮಗನ ಗಮನಕ್ಕೆ ತರಬೇಕು. ಬೋಲ್ಟನ್ ಬೇರುಬಿಟ್ಟ ಅಧಿಕಾರಿ ಅಲ್ಲ. ಆಯಾ ಅಧ್ಯಕ್ಷರೊಂದಿಗೆ ಬಂದು ಅವರೊಂದಿಗೆ ಹೋಗುವ ರಾಜಕೀಯ ನೇಮಕಾತಿಯವರು. ವೃತ್ತಿಯಿಂದ ರಾಜತಾಂತ್ರಿಕರಾದವರು, ಅಂದರೆ ಆಪಾದನೆಗೆ ಗುರಿಯಾಗುವ ಆ ಕಾಯಂ ಅಧಿಕಾರಿ ವರ್ಗದವರು, ಹೆಚ್ಚಾಗಿ ಮಾತುಕತೆಯನ್ನು ಉಳಿಸಿಕೊಳ್ಳುವ ಕಡೆಯೇ ಇದ್ದರು. 2003ರ ಆಗಸ್ಟ್‌ನಲ್ಲಿ ಬೀಜಿಂಗಿನಲ್ಲಿ ಆರು ರಾಷ್ಟ್ರಗಳ (ಎರಡು ಕೊರಿಯ, ಅಮೆರಿಕ, ಚೀನಾ, ಜಪಾನ್, ರಷ್ಯಾ) ಮಾತುಕತೆ ಆರಂಭವಾಗುವ ಹೊತ್ತಿನಲ್ಲಿ, ಕೊರಿಯದ ಸಂಧಾನಕ್ಕೆಂದೇ ನೇಮಕಗೊಂಡಿದ್ದ ವಿಶೇಷ ಪ್ರತಿನಿಧಿ ಜ್ಯಾಕ್ ಪ್ರಿಚರ್ಡ್ ಹುದ್ದೆ ತೊರೆದರು. ಅದಕ್ಕೆ ಕೆಲವೇ ವಾರಗಳ ಮುನ್ನ, ಜುಲೈ 31ರಂದು, ಬೋಲ್ಟನ್ ದಕ್ಷಿಣದ ರಾಜಧಾನಿ ಸೋಲ್ ನಗರದಲ್ಲಿ ನಿಂತು ಉತ್ತರದ ಅಂದಿನ ನಾಯಕ ಕಿಮ್ ಜಾಂಗ್-ಇಲ್ ಅವರನ್ನು ನಿರಂಕುಶ ಸರ್ವಾಧಿಕಾರಿ ಎಂದು ಭಾಷಣದುದ್ದಕ್ಕೂ ಜರೆದಿದ್ದರು. ಹೇಳಿದ್ದು ಸುಳ್ಳಲ್ಲ. ಹೆಣ್ಣು ನೋಡಲು ಹೊರಟ ದಿನ ಬೀಗರ ಮನೆಯ ಹಳೆಯ ಕೇಸು ಎತ್ತಿದವನೂ ಸುಳ್ಳು ಹೇಳಿರುವುದಿಲ್ಲ.

ಇನ್ನು ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಕೆಡಿಸಿದ್ದು ಒಬ್ಬ ವ್ಯಕ್ತಿಯಲ್ಲ, ಒಂದು ಕಡತ. 2005ರ ಸೆಪ್ಟೆಂಬರ್ 19ರಂದು ಬೀಜಿಂಗಿನಲ್ಲಿ ಆರು ರಾಷ್ಟ್ರಗಳು ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಉತ್ತರ ಕೊರಿಯವು ತನ್ನ ಎಲ್ಲ ಅಣ್ವಸ್ತ್ರಗಳನ್ನೂ ಅವುಗಳ ಕಾರ್ಯಕ್ರಮವನ್ನೂ ಕೈಬಿಡಲು ಒಪ್ಪಿತು. ಅಮೆರಿಕದ ಪರವಾಗಿ ಆ ಪದಗಳನ್ನು ಒಂದೊಂದಾಗಿ ಜೋಡಿಸಿದವರು ವೃತ್ತಿಪರ ರಾಜತಾಂತ್ರಿಕ ಕ್ರಿಸ್ಟೋಫರ್ ಹಿಲ್. ಆದರೆ ನಾಲ್ಕು ದಿನ ಮುಂಚೆ, ಸೆಪ್ಟೆಂಬರ್ 15ರಂದು, ಅದೇ ಸರ್ಕಾರದ ಖಜಾನೆ ಇಲಾಖೆಯು ಮಕಾವ್‌ನ ಬ್ಯಾಂಕೊ ಡೆಲ್ಟಾ ಏಷ್ಯಾ ಎಂಬ ಸಣ್ಣ ಬ್ಯಾಂಕನ್ನು, ಉತ್ತರ ಕೊರಿಯದ ಅಕ್ರಮ ಹಣದ ವಹಿವಾಟಿನ ಕಾರಣಕ್ಕೆ, ಶಂಕಿತ ಬ್ಯಾಂಕೆಂದು ಘೋಷಿಸಿತ್ತು. ಠೇವಣಿದಾರರು ಬಾಗಿಲಿಗೆ ಮುಗಿಬಿದ್ದರು. ಮಕಾವ್ ಆಡಳಿತ ಬ್ಯಾಂಕನ್ನು ವಶಕ್ಕೆ ತೆಗೆದುಕೊಂಡು ಉತ್ತರ ಕೊರಿಯದ ಖಾತೆಗಳಲ್ಲಿದ್ದ ಸುಮಾರು 2.5 ಕೋಟಿ ಡಾಲರನ್ನು ತಡೆಹಿಡಿಯಿತು. ಒಂದು ದೇಶದ ಲೆಕ್ಕದಲ್ಲಿ ಅದು ಚಿಲ್ಲರೆ ಹಣವೇ ಸರಿ, ಆದರೆ ಆ ಬ್ಯಾಂಕಿನ ಗತಿ ನೋಡಿದ ಉಳಿದ ಬ್ಯಾಂಕುಗಳೆಲ್ಲ ಕೊರಿಯದ ಖಾತೆಯೆಂದರೆ ಮಾರು ದೂರ ಸರಿದವು. ಪ್ಯೋಂಗ್ಯಾಂಗ್ ಮಾತುಕತೆಗೆ ಬರುವುದನ್ನೇ ನಿಲ್ಲಿಸಿತು. 2006ರ ಅಕ್ಟೋಬರ್ 9ರಂದು ಅದರ ಮೊದಲ ಅಣು ಪರೀಕ್ಷೆ ನಡೆಯಿತು.

ಖಜಾನೆಯವರು ಬೇಕೆಂದೇ ಮುಹೂರ್ತ ನೋಡಿ ಬಾಂಬ್ ಹಾಕಿದರೇ? ನನಗೆ ಹಾಗೆನ್ನಿಸುವುದಿಲ್ಲ. ಖೋಟಾ ಡಾಲರುಗಳ ಬೆನ್ನು ಹತ್ತಿದ ತನಿಖೆ ಅದರ ಪಾಡಿಗೆ ವರ್ಷಗಳಿಂದ ನಡೆದಿತ್ತು, ಅದಕ್ಕೆ ತಕ್ಕ ಸಾಕ್ಷ್ಯವೂ ಇತ್ತು. ಸಂಧಾನದ ವಿರೋಧಿಗಳು ಆ ತನಿಖೆಯನ್ನು ಕಂಡು ಹಿಗ್ಗಿದ್ದು ನಿಜ. ಆದರೆ ಎರಡು ಕಡತಗಳೂ ಹೋಗಿ ಸೇರುತ್ತಿದ್ದ ಮೇಜು ಒಂದೇ. ಆ ಮೇಜಿನ ಹಿಂದೆ ಕುಳಿತವರು ಎರಡನ್ನೂ ಒಟ್ಟಿಗೆ ಇಟ್ಟು ಓದಲಿಲ್ಲ. ತಮಾಷೆ ಇರುವುದು ನಂತರದ ಭಾಗದಲ್ಲಿ. 2007ರ ಫೆಬ್ರವರಿಯಲ್ಲಿ ಮತ್ತೆ ಒಪ್ಪಂದವಾಗಿ, ಹಣ ಹಿಂದಿರುಗಿಸಲು ಅಮೆರಿಕವೇ ಒಪ್ಪಿದ ಮೇಲೆ, ಆ ಹಣವನ್ನು ಮುಟ್ಟಲು ಜಗತ್ತಿನ ಒಂದು ಬ್ಯಾಂಕೂ ಮುಂದೆ ಬರಲಿಲ್ಲ! ಖಜಾನೆಯ ಕಪ್ಪುಪಟ್ಟಿಯ ಭಯ ಅಷ್ಟಿತ್ತು. ತಿಂಗಳುಗಟ್ಟಲೆ ಅಲೆದು, ಜೂನ್‌ನಲ್ಲಿ ಆ ಹಣ ಮಕಾವ್‌ನಿಂದ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ, ಅಲ್ಲಿಂದ ರಷ್ಯಾದ ಕೇಂದ್ರ ಬ್ಯಾಂಕಿಗೆ, ಕೊನೆಗೆ ರಷ್ಯಾದ ಪೂರ್ವ ಅಂಚಿನ ಒಂದು ಸಣ್ಣ ಬ್ಯಾಂಕಿಗೆ ಹೋಗಿ ತಲುಪಿತು. ಅಧ್ಯಕ್ಷರ ಒಪ್ಪಿಗೆಗೂ ಹಣ ಜಗ್ಗದಿದ್ದಾಗ ಅಲ್ಲಿ ಅಡ್ಡ ನಿಂತಿದ್ದ ದ್ರೋಹಿ ಯಾರೂ ಇರಲಿಲ್ಲ. ಒಮ್ಮೆ ತಿರುಗಿಸಿದ ಯಂತ್ರ ತನ್ನಷ್ಟಕ್ಕೆ ತಿರುಗುತ್ತಿತ್ತು.

ಪ್ರಶ್ನೆ: ಉತ್ತರ ಕೊರಿಯ ಗುಟ್ಟಾಗಿ ಮೋಸ ಮಾಡುತ್ತಿದ್ದುದು ನಿಜವಾಗಿದ್ದರೆ, ಅದನ್ನು ಬಯಲಿಗೆಳೆದ ಅಧಿಕಾರಿಯನ್ನು ಸಂಧಾನ ಕೆಡಿಸಿದವನೆಂದು ದೂರುವುದು ನ್ಯಾಯವೇ?
– ನಿವೃತ್ತ ಶಿಕ್ಷಕಿಯೊಬ್ಬರು, ಧಾರವಾಡ

ಉತ್ತರ: ಬಯಲಿಗೆಳೆದದ್ದಕ್ಕೆ ದೂರುವುದು ಖಂಡಿತ ನ್ಯಾಯವಲ್ಲ. ಸಂಶಯ ನಿಜವೇ ಆಗಿತ್ತು. ಪಾಕಿಸ್ತಾನದ ಅಣುವಿಜ್ಞಾನಿ ಎ. ಕ್ಯೂ. ಖಾನ್ ಅವರ ಕಳ್ಳ ಜಾಲದಿಂದ ಸೆಂಟ್ರಿಫ್ಯೂಜ್, ಎಂದರೆ ಯುರೇನಿಯಂ ಸಂವರ್ಧನೆಯ ಯಂತ್ರದ, ತಂತ್ರಜ್ಞಾನ ಅಲ್ಲಿಗೆ ಹೋಗಿತ್ತು. 2010ರ ನವೆಂಬರ್‌ನಲ್ಲಿ ಅಮೆರಿಕದ ವಿಜ್ಞಾನಿ ಸೀಗ್‌ಫ್ರೀಡ್ ಹೆಕರ್ ಅವರನ್ನು ಯೋಂಗ್ಬ್ಯೋನ್‌ಗೆ ಕರೆದೊಯ್ದ ಉತ್ತರದವರು, ಸುಮಾರು 2,000 ಸೆಂಟ್ರಿಫ್ಯೂಜುಗಳಿದ್ದ ಸಭಾಂಗಣವನ್ನು ತಾವೇ ತೆರೆದು ತೋರಿಸಿದರು.

ಪ್ರಶ್ನೆ ಇರುವುದು, ತಿಳಿದ ಸತ್ಯವನ್ನು ಯಾವುದಕ್ಕೆ ಬಳಸಿದರು ಎಂಬುದರಲ್ಲಿ. 2002ರಲ್ಲಿ ಯುರೇನಿಯಂ ಕೆಲಸ ಇನ್ನೂ ಎಳವೆಯಲ್ಲಿತ್ತು. ಆದರೆ ಯೋಂಗ್ಬ್ಯೋನ್‌ನ ಕೊಳದಲ್ಲಿ ಸುಮಾರು 8,000 ಬಳಸಿದ ಇಂಧನ ಸರಳುಗಳು, ಎಂದರೆ ಹಲವು ಬಾಂಬುಗಳಿಗೆ ಸಾಕಾಗುವ ಪ್ಲುಟೋನಿಯಂ, ಮೊಹರಿನ ಕೆಳಗೆ, ಪರಿವೀಕ್ಷಕರ ಕಣ್ಣೆದುರಿಗೆ, ಎಂಟು ವರ್ಷಗಳಿಂದ ಅಲುಗಾಡದೆ ಬಿದ್ದಿತ್ತು. ಹೊಸ ಮೋಸವನ್ನು ಮುಂದಿಟ್ಟು ಚೌಕಾಶಿಗೆ ಕೂರುವುದು ಒಂದು ದಾರಿ. ಆ ಮೋಸದ ನೆಪದಲ್ಲಿ ಒಪ್ಪಂದವನ್ನೇ ಬಿಸುಟು ಮೊಹರು ಒಡೆಯಲು ಎದುರಾಳಿಗೆ ಕಾರಣ ಒದಗಿಸುವುದು ಇನ್ನೊಂದು. ಆಯ್ದುಕೊಂಡದ್ದು ಎರಡನೆಯದನ್ನು. 2003ರಲ್ಲಿ ಆ ಸರಳುಗಳಿಂದ ಪ್ಲುಟೋನಿಯಂ ಹೊರಬಂತು. ಇಲಿ ಹೊಕ್ಕಿದೆಯೆಂದು ಕಣಜಕ್ಕೇ ಬೆಂಕಿ ಇಟ್ಟವನ ಲೆಕ್ಕದಲ್ಲಿ ಇಲಿ ಇದ್ದುದೂ ನಿಜ, ಭತ್ತ ಹೋದದ್ದೂ ನಿಜ. ಅಧಿಕಾರಿಯನ್ನು ಅಳೆಯಬೇಕಾದದ್ದು ಇಲಿಯ ಬಗ್ಗೆ ಅವನು ಕೊಟ್ಟ ವರದಿಯಿಂದಲ್ಲ, ಬೆಂಕಿಪೊಟ್ಟಣದಿಂದ. ಈ ಮಾತನ್ನು ಹೇಳುವಾಗ, ಉತ್ತರ ಕೊರಿಯ ಹೇಗಿದ್ದರೂ ಮುಂದೊಂದು ದಿನ ಬಾಂಬು ಮಾಡಿಯೇ ತೀರುತ್ತಿತ್ತು ಎನ್ನುವವರನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಆದರೆ ಆ ಎಂಟು ವರ್ಷ ರಿಯಾಕ್ಟರ್ ತಣ್ಣಗಿತ್ತು ಎಂಬುದು ಊಹೆಯಲ್ಲ.

ಪ್ರಶ್ನೆ: ಕೊರಿಯದ ಕದನ ವಿರಾಮದಲ್ಲಿ ನಮ್ಮ ಜನರಲ್ ತಿಮ್ಮಯ್ಯನವರ ಪಾತ್ರ ದೊಡ್ಡದೆಂದು ಹಿರಿಯರಿಂದ ಕೇಳಿದ್ದೇನೆ. ಆಗಲೂ ಸಂಧಾನವನ್ನು ಒಳಗಿನವರೇ ಕೆಡಿಸಲು ನೋಡಿದ್ದರೇ?
– ಕಾಲೇಜು ವಿದ್ಯಾರ್ಥಿಯೊಬ್ಬರು, ಮಡಿಕೇರಿ

ಉತ್ತರ: ನೋಡಿದ್ದರು, ಅದೂ ಎಂಥ ಧೈರ್ಯದಿಂದ! ಕದನ ವಿರಾಮದ ಮಾತುಕತೆ 1951ರ ಜುಲೈನಲ್ಲಿ ಆರಂಭವಾಗಿ ಯುದ್ಧಕೈದಿಗಳ ಪ್ರಶ್ನೆಯ ಮೇಲೆ ಬಹುಕಾಲ ಕಗ್ಗಂಟಾಗಿ ನಿಂತಿತ್ತು. ಊರಿಗೆ ಮರಳಲು ಒಲ್ಲೆನೆಂಬ ಕೈದಿಯನ್ನು ಬಲವಂತವಾಗಿ ಕಳಿಸಬೇಕೇ, ಬೇಡವೇ? ಅಂಥವರನ್ನು ತಟಸ್ಥ ರಾಷ್ಟ್ರಗಳ ಆಯೋಗದ ವಶಕ್ಕೆ ಒಪ್ಪಿಸುವುದೆಂದು 1953ರ ಜೂನ್ 8ರಂದು ಸಹಿಯಾಯಿತು. ಹತ್ತು ದಿನ ಕಳೆಯುವಷ್ಟರಲ್ಲಿ, ಜೂನ್ 18ರಂದು, ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್ಮನ್ ರೀ ಅವರು ತಮ್ಮ ಕಾವಲುಗಾರರಿಗೆ ಶಿಬಿರಗಳ ಬಾಗಿಲು ತೆರೆಯಲು ಅಪ್ಪಣೆ ಮಾಡಿ ಸುಮಾರು 27,000 ಕೈದಿಗಳನ್ನು ಹೊರಬಿಟ್ಟರು. ಅರ್ಧ ಕೊರಿಯವನ್ನು ಕಮ್ಯುನಿಸ್ಟರ ಕೈಯಲ್ಲಿ ಬಿಟ್ಟು ಯುದ್ಧ ನಿಲ್ಲಿಸುವುದು ಅವರಿಗೆ ಬೇಡವಾಗಿತ್ತು. ಇಷ್ಟಾದ ಮೇಲೆ ಚೀನೀಯರೂ ಉತ್ತರದವರೂ ತಾವಾಗಿಯೇ ಎದ್ದುಹೋಗುತ್ತಾರೆಂಬುದು ಅವರ ನಿರೀಕ್ಷೆ. ಅವರು ಎದ್ದುಹೋಗಲಿಲ್ಲ. ಜುಲೈ 27ರಂದು ಕದನ ವಿರಾಮಕ್ಕೆ ಸಹಿ ಬಿತ್ತು. ಆದರೆ ರೀ ಅವರಿಗೆ ನಷ್ಟವೇನೂ ಆಗಲಿಲ್ಲ: ಅವರನ್ನು ಸುಮ್ಮನಿರಿಸಲು ಅಮೆರಿಕ ಒಪ್ಪಿದ ಪರಸ್ಪರ ರಕ್ಷಣಾ ಒಪ್ಪಂದಕ್ಕೆ ಅದೇ ಅಕ್ಟೋಬರ್ 1ರಂದು ಸಹಿಯಾಯಿತು, ಇಂದಿಗೂ ಅದು ಜಾರಿಯಲ್ಲಿದೆ. ಸಂಧಾನಕ್ಕೆ ಕಲ್ಲು ಹಾಕಿದವರಿಗೆ ಎಷ್ಟೋ ವೇಳೆ ಕಲ್ಲಿನ ಬೆಲೆ ಬಡ್ಡಿ ಸಮೇತ ಸಿಗುತ್ತದೆ.

ಉಳಿದ ಕೈದಿಗಳ ವಿಲೇವಾರಿಗೆ ರಚನೆಯಾದ ಆಯೋಗದ ಅಧ್ಯಕ್ಷರಾಗಿ ಹೋದವರು ನಿಮ್ಮೂರಿನವರೇ ಆದ ಕೆ. ಎಸ್. ತಿಮ್ಮಯ್ಯ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಭಾರತ. ಭಾರತೀಯ ಸೈನಿಕರು ತಮ್ಮ ನೆಲಕ್ಕೆ ಕಾಲಿಡಕೂಡದೆಂದು ರೀ ಪಟ್ಟುಹಿಡಿದದ್ದರಿಂದ, ಇಂಚೋನ್ ಬಂದರಿಗೆ ಹಡಗಿನಲ್ಲಿ ಬಂದ ನಮ್ಮ ಪಡೆಯನ್ನು ಹೆಲಿಕಾಪ್ಟರುಗಳಲ್ಲಿ ತುಂಬಿ, ದಕ್ಷಿಣ ಕೊರಿಯದ ನೆಲಕ್ಕೆ ಪಾದ ಸೋಕದಂತೆ ನೇರವಾಗಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು ಆ ಪಡೆಯ ವಶಕ್ಕೆ ಬಂದರು. ಊರಿಗೆ ಮರಳುವಂತೆ ಮನವೊಲಿಸಲು ಅವರವರ ದೇಶದ ಪ್ರತಿನಿಧಿಗಳಿಗೆ ಅವಕಾಶ ಕೊಡಬೇಕೆಂದಿದ್ದರೂ, ಮುಳ್ಳುತಂತಿಯ ಒಳಗೆ ಕೈದಿಗಳ ಮುಖಂಡರೇ ಗುಂಪು ಕಟ್ಟಿಕೊಂಡು, ಯಾರೂ ಆ ಮಾತಿಗೆ ಕಿವಿಗೊಡದಂತೆ ಬಿಗಿಹಿಡಿದಿದ್ದರು; ಮನವೊಲಿಸಲು ಬಂದ ಚೀನೀಯರೂ ಉತ್ತರದವರೂ ಒಬ್ಬೊಬ್ಬ ಕೈದಿಯ ಮೇಲೂ ತಾಸುಗಟ್ಟಲೆ ಮಾತು ಎಳೆದು ದಿನ ಕಳೆದರು. 1954ರ ಜನವರಿಯಲ್ಲಿ ಅವಧಿ ಮುಗಿದಾಗ ತಿಮ್ಮಯ್ಯನವರು ಉಳಿದವರನ್ನು ಮೊದಲು ಸೆರೆಹಿಡಿದಿದ್ದ ಪಕ್ಷಕ್ಕೇ ಹಿಂದಿರುಗಿಸಿದರು. ಅತ್ತಲೂ ಬೇಡ ಇತ್ತಲೂ ಬೇಡ ಎಂದ 88 ಜನ ಭಾರತೀಯ ಪಡೆಯೊಂದಿಗೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು. ಮಡಿಕೇರಿಯಲ್ಲಿ ಜನರಲ್ ಅವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ನೀವು ನೋಡಿರಲೇಬೇಕು, ನೋಡಿಲ್ಲವಾದರೆ ಈ ಭಾನುವಾರವೇ ಹೋಗಿ.

ಪ್ರಶ್ನೆ: ಅಮೆರಿಕದ ಒಳಗಿನವರ ಬಗ್ಗೆಯೇ ಬರೆಯುತ್ತೀರಿ. ಉತ್ತರ ಕೊರಿಯದ ಸೇನಾಧಿಕಾರಿಗಳು ಸಂಧಾನ ಕೆಡಿಸುವುದಿಲ್ಲವೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಆ ಅರಮನೆಯ ಒಳಗೆ ಯಾರು ಯಾರ ಕಿವಿ ಕಚ್ಚುತ್ತಾರೆಂಬುದು ಹೊರಗೆ ಕಾಣುವುದಿಲ್ಲ. ಕಾಣುವಷ್ಟರಿಂದ ಹೇಳುವುದಾದರೆ ಅಲ್ಲಿನ ರೋಗ ತದ್ವಿರುದ್ಧವಾದದ್ದು. ಅಲ್ಲಿ ಪೂಜಾರಿಯೇ ಇಲ್ಲ, ಎಲ್ಲವನ್ನೂ ದೇವರೇ ಮಾಡಬೇಕು. 2019ರಲ್ಲಿ ವಿಯೆಟ್ನಾಮಿನ ಹನೋಯ್‌ನಲ್ಲಿ ಟ್ರಂಪ್ ಮತ್ತು ಕಿಮ್ ಜಾಂಗ್-ಉನ್ ನಡುವೆ ನಡೆದ ಶೃಂಗಸಭೆಗೆ ಮುನ್ನ ಅಮೆರಿಕದ ಪ್ರತಿನಿಧಿ ಸ್ಟೀಫನ್ ಬೀಗನ್ ಪೂರ್ವಭಾವಿ ಮಾತುಕತೆಗೆ ಕುಳಿತಾಗ, ಎದುರಿಗಿದ್ದ ಕಿಮ್ ಹ್ಯೋಕ್-ಚೋಲ್ ಅವರಿಗೆ ಅಣ್ವಸ್ತ್ರದ ವಿಷಯ ಎತ್ತುವ ಅಧಿಕಾರವೇ ಇರಲಿಲ್ಲ. ಅದು ನಾಯಕರಿಬ್ಬರ ಮೇಜಿಗೆ ಮೀಸಲು. ಹೀಗಾಗಿ ಅಸಲು ವಿಷಯಕ್ಕೆ ಕೆಳಹಂತದಲ್ಲಿ ಯಾವ ಅಡಿಪಾಯವೂ ಬೀಳಲಿಲ್ಲ.

ಪ್ರಶ್ನೆ: ಹನೋಯ್‌ಗೆ ಬೋಲ್ಟನ್ ಹೋಗದೇ ಇದ್ದಿದ್ದರೆ ಒಪ್ಪಂದ ಆಗುತ್ತಿತ್ತೇ?
– ಬ್ಯಾಂಕ್ ಉದ್ಯೋಗಿಯೊಬ್ಬರು, ಮೈಸೂರು

ಉತ್ತರ: ಬೋಲ್ಟನ್ ಅವರನ್ನು ಭದ್ರತಾ ಸಲಹೆಗಾರರನ್ನಾಗಿ 2018ರಲ್ಲಿ ಕರೆತಂದವರು ಟ್ರಂಪ್ ಅವರೇ, ಅದೂ 1994ರ ಒಪ್ಪಂದಕ್ಕೆ ಸುತ್ತಿಗೆ ಬೀಸಿದವರೆಂಬುದು ಊರಿಗೆಲ್ಲ ಗೊತ್ತಿದ್ದೂ. ಬಂದ ತಿಂಗಳಲ್ಲೇ ಅವರು ಟಿ.ವಿ.ಯಲ್ಲಿ ಲಿಬಿಯಾ ಮಾದರಿಯ ಮಾತೆತ್ತಿದರು. ಅಣ್ವಸ್ತ್ರ ಕಾರ್ಯಕ್ರಮವನ್ನು 2003ರಲ್ಲಿ ಒಪ್ಪಿಸಿದ ಗಡಾಫಿ 2011ರಲ್ಲಿ ಹೇಗೆ ಸತ್ತರೆಂಬುದನ್ನು ಪ್ಯೋಂಗ್ಯಾಂಗ್ ಮರೆತಿರಲಿಲ್ಲ. ಟ್ರಂಪ್ ಮತ್ತು ಕಿಮ್ ಜಾಂಗ್-ಉನ್ ಅವರ ಸಿಂಗಪುರದ ಮೊದಲ ಭೇಟಿ ಆ ಕಾರಣಕ್ಕೆ ಮುರಿದುಬೀಳುವ ಹಂತಕ್ಕೆ ಹೋಗಿ, ಕಡೆಗೆ ಜೂನ್ 12ರಂದು ನಡೆಯಿತು. ಹನೋಯ್‌ನಲ್ಲಿ, 2019ರ ಫೆಬ್ರವರಿ 28ರಂದು, ಕಿಮ್ ಜಾಂಗ್-ಉನ್ ಯೋಂಗ್ಬ್ಯೋನ್ ಸ್ಥಾವರವನ್ನು ಕೊಡುವುದಾಗಿಯೂ ಅದಕ್ಕೆ ಬದಲಾಗಿ 2016–17ರಲ್ಲಿ ವಿಶ್ವಸಂಸ್ಥೆ ಹೇರಿದ್ದ ಮುಖ್ಯ ನಿರ್ಬಂಧಗಳನ್ನು ತೆಗೆಯಬೇಕೆಂದೂ ಕೇಳಿದರು. ಅಮೆರಿಕ ಯೋಂಗ್ಬ್ಯೋನ್‌ನ ಆಚೆಗಿನದನ್ನೂ ಕೇಳಿತು. ಮೆಟ್ರೊಪೋಲ್ ಹೋಟೆಲಿನಲ್ಲಿ ಊಟದ ಮೇಜು ಸಿದ್ಧವಾಗಿತ್ತು, ತಟ್ಟೆ ಲೋಟಗಳನ್ನು ಒಪ್ಪವಾಗಿ ಜೋಡಿಸಿತ್ತು. ಊಟಕ್ಕೆ ಯಾರೂ ಬರಲಿಲ್ಲ. ರೈಲಿನಲ್ಲಿ ಎರಡೂವರೆ ದಿನ ಪ್ರಯಾಣ ಮಾಡಿ ಬಂದಿದ್ದ ಕಿಮ್ ಬರಿಗೈಯಲ್ಲಿ ಹಿಂದಿರುಗಿದರು.

ಬೋಲ್ಟನ್ ಇದಕ್ಕೆ ಮುನ್ನ ಅಧ್ಯಕ್ಷರನ್ನು ಎದ್ದುಬರಲು ಹುರಿಗೊಳಿಸಿದ್ದು ಹೌದು, ಅದನ್ನು ಅವರು ಮುಚ್ಚಿಟ್ಟಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಊಹಿಸಬೇಕಾದ ಅಗತ್ಯವಿಲ್ಲ, ಪ್ರಯೋಗವೇ ನಡೆದುಹೋಗಿದೆ. 2019ರ ಜೂನ್ 30ರಂದು ಟ್ರಂಪ್ ಪನ್ಮುಂಜೋಮ್‌ನಲ್ಲಿ ಗಡಿಯ ಕಾಂಕ್ರೀಟ್ ಪಟ್ಟಿಯನ್ನು ದಾಟಿ ಉತ್ತರ ಕೊರಿಯದ ನೆಲದ ಮೇಲೆ ಹೆಜ್ಜೆ ಇಟ್ಟಾಗ ಬೋಲ್ಟನ್ ಅಲ್ಲಿರಲಿಲ್ಲ, ಮಂಗೋಲಿಯಕ್ಕೆ ಹೊರಟಿದ್ದರು. ಸೆಪ್ಟೆಂಬರ್ 10ರಂದು ಅವರ ಹುದ್ದೆಯೇ ಹೋಯಿತು. ಲಿಬಿಯಾದ ಮಾತಿನಿಂದ ನಮಗೆ ಬಹಳ ಹಿನ್ನಡೆಯಾಯಿತೆಂದು ಟ್ರಂಪ್ ಬಹಿರಂಗವಾಗಿಯೇ ಹೇಳಿದರು. ಅಡ್ಡಿಯೆಂದು ಹೇಳಲಾಗುತ್ತಿದ್ದ ವ್ಯಕ್ತಿ ತೊಲಗಿ ಒಂದು ತಿಂಗಳೂ ಆಗುವ ಮೊದಲು, ಅಕ್ಟೋಬರ್ 5ರಂದು, ಸ್ಟಾಕ್‌ಹೋಮ್‌ನಲ್ಲಿ ಬೀಗನ್ ಮತ್ತು ಉತ್ತರದ ಪ್ರತಿನಿಧಿ ಕಿಮ್ ಮ್ಯೋಂಗ್-ಗಿಲ್ ಎದುರುಬದುರು ಕುಳಿತರು. ಅಮೆರಿಕದ ಕಡೆಯವರು ಹೊಸ ಪ್ರಸ್ತಾವಗಳನ್ನು ತಂದಿರುವುದಾಗಿ ಹೇಳಿಕೊಂಡರು. ನಿರ್ಬಂಧ ಸಡಿಲಿಸುವ ಬಗೆಗೆ ಅಧ್ಯಕ್ಷರು ಎಷ್ಟು ದೂರ ಬರುತ್ತಾರೆಂಬುದು ಮಾತ್ರ ಆಗಲೂ ತೀರ್ಮಾನವಾದಂತೆ ಕಾಣಲಿಲ್ಲ. ಅದೇ ದಿನ ಸಂಜೆ ಕಿಮ್ ಮ್ಯೋಂಗ್-ಗಿಲ್ ತಮ್ಮ ರಾಯಭಾರ ಕಚೇರಿಯ ಎದುರು ನಿಂತು, ಅಮೆರಿಕದವರು ಬರಿಗೈಯಲ್ಲಿ ಬಂದಿದ್ದರೆಂದೂ ಮಾತುಕತೆ ಮುರಿದಿದೆಯೆಂದೂ ಬರೆದು ತಂದಿದ್ದ ಹೇಳಿಕೆಯನ್ನು ಪತ್ರಕರ್ತರಿಗೆ ಓದಿಹೇಳಿದರು.